ಪಿಯುಸಿ ನಂತರ ವ್ಯಾಯಾಮ ವಿಜ್ಞಾನದಲ್ಲಿ ಬಿ.ಎಸ್‌ಸಿ. ಓದಿಸಬಹುದೇ? ತಿಳಿದವರು ಹೇಳಿ

ಪ್ರಶ್ನೆ: ಗಿರಣಿ ಮಾಲೀಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಎಂಟರಿಂದ ಹತ್ತನೆಯ ತರಗತಿಯವರೆಗೆ ಕ್ರೀಡಾ ವಸತಿ ನಿಲಯದಲ್ಲಿದ್ದು ಸೈಕಲ್ ತುಳಿದವಳು. ರಾಜ್ಯಮಟ್ಟದ ಸ್ಪರ್ಧೆಗಳಿಗೂ ಹೋಗಿ ಬಂದಿದ್ದಾಳೆ. ಆಮೇಲೆ ಬಲ ಮೊಣಕಾಲಿನ ಮುಂಭಾಗದಲ್ಲಿ ನೋವು ಕಾಣಿಸಿಕೊಂಡಿತು. ಎಕ್ಸ್‌ರೇ ತೆಗೆಸಿದಾಗ ಎಲುಬಿನಲ್ಲಿ ದೋಷವಿಲ್ಲ ಎಂದರು, ಮುಲಾಮು ಕೊಟ್ಟರು, ವಿಶ್ರಾಂತಿ ಹೇಳಿದರು. ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತಿದ್ದ ನೋವು ಸೈಕಲ್ ಹತ್ತಿದೊಡನೆ ಮರಳುತ್ತಿತ್ತು. ಕೊನೆಗೆ ಪಿಯುಸಿಯ ಓದಿನ ಹೊರೆಯೂ ಸೇರಿ ಸೈಕಲ್ ಗೋಡೆಗೆ ಒರಗಿದ್ದು ಇಂದಿಗೂ ಅಲ್ಲಿಯೇ ಇದೆ.

ಈಗ ಅವಳು ಎಕ್ಸರ್‌ಸೈಜ್ ಸೈನ್ಸ್ ಎಂಬ ಪದವಿಯನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ನಾನು ಹಿಟ್ಟಿನ ಗಿರಣಿ ನಡೆಸುವವನು, ಈ ಹೆಸರನ್ನು ಕೇಳಿದ್ದು ಇದೇ ಮೊದಲು. ನನ್ನ ತಂದೆ ಗರಡಿಯಲ್ಲಿ ಸಾಮು ಮಾಡಿ, ಸಿದ್ಧೇಶ್ವರ ಜಾತ್ರೆಯ ಭಾರ ಎತ್ತುವ ಸ್ಪರ್ಧೆಯಲ್ಲಿ ಕಲ್ಲು ಎತ್ತಿದವರು, ಅವರಿಗೆ ಈ ವಿಷಯ ಹೇಳಿದಾಗ, "ಬಸ್ಕಿ ಹೊಡೆಯಲಿಕ್ಕೂ ಕಾಲೇಜು ತೆಗೆದರೇನು?" ಎಂದು ನಕ್ಕುಬಿಟ್ಟರು. ನನ್ನ ತಮ್ಮ, ಇದು ಬಿ.ಪಿ.ಎಡ್. ಇದ್ದ ಹಾಗೆ, ದೈಹಿಕ ಶಿಕ್ಷಕಿಯಾಗುತ್ತಾಳೆ ಬಿಡು ಎನ್ನುತ್ತಾನೆ. ನನ್ನ ಹೆಂಡತಿಯ ಕಡೆಯವರು, ಇದು ಫಿಸಿಯೋಥೆರಪಿಯ ಅಗ್ಗದ ರೂಪ, ಅದಕ್ಕಿಂತ ನೇರವಾಗಿ ಬಿಪಿಟಿಗೇ, ಅಂದರೆ ಫಿಸಿಯೋಥೆರಪಿ ಪದವಿಗೇ ಸೇರಿಸಿ ಎನ್ನುತ್ತಾರೆ. ಮೂವರಲ್ಲಿ ಯಾರ ಮಾತು ಸರಿ ಎಂದು ನಿರ್ಧರಿಸುವಷ್ಟು ತಿಳಿವಳಿಕೆ ನನಗಿಲ್ಲ.

ಈ ಪದವಿಯಲ್ಲಿ ನಿಜವಾಗಿ ಏನು ಕಲಿಸುತ್ತಾರೆ, ಗಣಿತ ಎಷ್ಟು ಬೇಕು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ನಿಭಾಯಿಸಬಲ್ಲಳೇ, ಮುಗಿಸಿದ ಮೇಲೆ ಯಾರು ಕೆಲಸ ಕೊಡುತ್ತಾರೆ ಎಂಬುದನ್ನು ಅನುಭವ ಇದ್ದವರು ತಿಳಿಸಿದರೆ ಉಪಕಾರವಾಗುತ್ತದೆ. ಶುಲ್ಕ ಕಟ್ಟುವ ಶಕ್ತಿ ತಕ್ಕಮಟ್ಟಿಗೆ ಇದೆ. ಆದರೆ ಕಟ್ಟಿದ ಮೇಲೆ ಪಶ್ಚಾತ್ತಾಪ ಪಡುವ ಶಕ್ತಿ ಇಲ್ಲ.

ಉತ್ತರ: ಘಟಪ್ರಭೆಯ ದಂಡೆಯವನು, ಬಾಗಲಕೋಟೆ ಜಿಲ್ಲೆ

ಕಾಕಾ, ನಿಮ್ಮ ಮಗಳ ಕಥೆಯಲ್ಲಿ ಅರ್ಧದಷ್ಟು ನನ್ನದೇ ಇದೆ. ನಾನೂ ಸೈಕಲ್ ತುಳಿದವನು, ನನಗೂ ಮೊಣಕಾಲಿನ ಮುಂಭಾಗದಲ್ಲೇ ನೋವಿತ್ತು. ಆಗ ನನ್ನ ಸುತ್ತ ಇದ್ದವರೆಲ್ಲ ಎಣ್ಣೆ ತಿಕ್ಕು, ಪಟ್ಟಿ ಸುತ್ತು, ಮನಸ್ಸು ಗಟ್ಟಿ ಮಾಡು ಎಂದರೇ ಹೊರತು ಸೀಟಿನ ಎತ್ತರವನ್ನು ಯಾರೂ ಅಳೆಯಲಿಲ್ಲ. ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ, ದೇಹದ ಚಲನೆಯನ್ನೂ ಅದರ ಹಿಂದಿನ ಬಲವನ್ನೂ ಅಳೆಯುವ ಬಯೋಮೆಕಾನಿಕ್ಸ್ ಎಂಬ ವಿಷಯದ ಪ್ರಾಯೋಗಿಕ ತರಗತಿಯಲ್ಲಿ ಪ್ರಯೋಗಕ್ಕೆ ಒಬ್ಬರು ಬೇಕೆಂದಾಗ ನಾನೇ ಸೈಕಲ್ ಹತ್ತಿ ಕುಳಿತೆ. ಪೆಡಲ್ ತೀರ ಕೆಳಗೆ ಬಂದಾಗ ಮೊಣಕಾಲು ಎಷ್ಟು ಮಡಚಿರುತ್ತದೆ ಎಂಬುದನ್ನು ಗೋನಿಯೋಮೀಟರ್ ಎಂಬ ಉದ್ದ ತೋಳಿನ ಕೋನಮಾಪಕದಿಂದ ಅಳೆದರು. ಅದು 25ರಿಂದ 35 ಡಿಗ್ರಿಯೊಳಗೆ ಇರಬೇಕೆಂಬುದು ರೂಢಿಯಲ್ಲಿರುವ ಲೆಕ್ಕ. ನನ್ನದು 42 ಇತ್ತು. ಸೀಟು ತಗ್ಗಿದ್ದರೆ ಪ್ರತಿ ಸುತ್ತಿನಲ್ಲೂ ಕಾಲು ಹೆಚ್ಚು ಮಡಚಿದ ಸ್ಥಿತಿಯಲ್ಲೇ ಬಲ ಹಾಕಬೇಕಾಗುತ್ತದೆ, ಆಗ ಮಂಡಿಚಿಪ್ಪು ತೊಡೆಯ ಎಲುಬಿಗೆ ಹೆಚ್ಚು ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ 90 ಸುತ್ತಿನಂತೆ ಎರಡು ಗಂಟೆ ತುಳಿದರೆ ಒಂದು ಕಾಲಿಗೆ 10,800 ಸಲ ಆ ಒತ್ತಡ ಬೀಳುತ್ತದೆ. ಮೂರು ವರ್ಷ ನಾನು ಮಾಡಿದ್ದು ಅದನ್ನೇ. ನಿಮ್ಮ ಮಗಳ ನೋವಿಗೂ ಇದೇ ಕಾರಣ ಎಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ವ್ಯಾಯಾಮ ವಿಜ್ಞಾನ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಸೀಟಿನ ಕಥೆಯನ್ನೇ.

ತಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಇದು ಕಸರತ್ತು ಮಾಡುವ ಪದವಿಯಲ್ಲ, ಕಸರತ್ತು ಮಾಡಿದಾಗ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಅಳೆಯಲು ಕಲಿಸುವ ಪದವಿ. ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಇವೇ ಹೆಚ್ಚು. ಎಲುಬು, ಸ್ನಾಯು, ನರಗಳ ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡದೆ ವಿಧಿಯಿಲ್ಲ. ಬಯಲಿನಲ್ಲಿ ಓಡಿಸುತ್ತಾರೆಂದು ನಂಬಿ ಬಂದ ನನ್ನ ಸಹಪಾಠಿಗಳಲ್ಲಿ ಕೆಲವರು ಇಲ್ಲಿಯೇ ಬಿಟ್ಟು ಹೋದರು. ಆಮೇಲೆ ವ್ಯಾಯಾಮ ಶರೀರಕ್ರಿಯಾ ವಿಜ್ಞಾನ, ಬಯೋಮೆಕಾನಿಕ್ಸ್, ಚಲನೆಯ ಕಲಿಕೆ, ಪೋಷಣೆ, ಕ್ರೀಡಾ ಮನೋವಿಜ್ಞಾನ, ಸಂಖ್ಯಾಶಾಸ್ತ್ರ ಬರುತ್ತವೆ. ಕೊನೆಗೆ ಪ್ರಬಂಧ ಮತ್ತು ತರಬೇತಿ ಅವಧಿ. ಗಣಿತ ಪಿಯುಸಿಯನ್ನು ಮೀರಿ ಹೆಚ್ಚೇನೂ ಬೇಡ. ಬಲವನ್ನು ದೂರದಿಂದ ಗುಣಿಸಿ ತಿರುಚುಬಲ ಕಂಡುಹಿಡಿಯುವುದು, ಸರಾಸರಿ, ವಿಚಲನೆ, ಸಹಸಂಬಂಧ, ಇಷ್ಟು ಬಂದರೆ ಸಾಕು. ಗಣಿತಕ್ಕೆ ಹೆದರುವವರನ್ನು ಇಲ್ಲಿ ಕೆಡವುವುದು ರಸಾಯನಶಾಸ್ತ್ರ ಎಂಬುದು ನನ್ನ ಅನುಭವ.

ಪ್ರಯೋಗಶಾಲೆಯ ಒಂದು ಪರೀಕ್ಷೆಯನ್ನು ಮಾತ್ರ ವಿವರಿಸುತ್ತೇನೆ. ಸವಾರನನ್ನು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿ, ಮೂಗು ಬಾಯಿ ಎರಡನ್ನೂ ಮುಚ್ಚುವ ಮುಖವಾಡ ಹಾಕಿ, ಒಳಗೆ ಎಷ್ಟು ಆಮ್ಲಜನಕ ಹೋಯಿತು, ಹೊರಗೆ ಎಷ್ಟು ಬಂತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಮೂರು ನಿಮಿಷಕ್ಕೊಮ್ಮೆ ಹೊರೆಯನ್ನು ಏರಿಸುತ್ತೇವೆ. ಪ್ರತಿ ಹಂತದ ಕೊನೆಯಲ್ಲಿ ಬೆವರನ್ನು ಒರೆಸಿ, ಕಿವಿಯ ಹಾಲೆಯಿಂದ ಒಂದು ಹನಿ ರಕ್ತ ತೆಗೆದು, ಶ್ರಮ ಹೆಚ್ಚಿದಂತೆ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ ಎಷ್ಟಿದೆ ಎಂದು ನೋಡುತ್ತೇವೆ. ಬೆವರು ಬೆರೆತರೆ ಫಲಿತಾಂಶ ಕೆಡುತ್ತದೆ, ಆದ್ದರಿಂದ ಒರೆಸುವ ಹತ್ತಿಯೂ ಇಲ್ಲಿ ಪಾಠವೇ. ಮೊದಮೊದಲು ಸಮತಟ್ಟಾಗಿದ್ದ ಲ್ಯಾಕ್ಟೇಟ್ ಗೆರೆ ಒಂದು ಹಂತ ದಾಟಿದ ಮೇಲೆ ಗೋಡೆ ಏರಿದಂತೆ ಮೇಲೇಳುತ್ತದೆ. ಆ ತಿರುವು ಎಷ್ಟು ವ್ಯಾಟ್‌ನಲ್ಲಿ ಬಂತು, ಆಗ ಹೃದಯ ಬಡಿತ ಎಷ್ಟಿತ್ತು ಎಂಬುದರ ಮೇಲೆ ಮುಂದಿನ ಎರಡು ತಿಂಗಳ ತಾಲೀಮು ನಿಂತಿರುತ್ತದೆ. ಒಬ್ಬ ಸವಾರ ಉಸಿರಾಡಿ ಬಳಸಬಲ್ಲ ಗರಿಷ್ಠ ಆಮ್ಲಜನಕವನ್ನು ಪ್ರತಿ ಕಿಲೋ ತೂಕಕ್ಕೆ, ಪ್ರತಿ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಹೇಳುತ್ತಾರೆ. ಸುಮ್ಮನೆ ಕುಳಿತವನಿಗೆ ಬೇಕಾಗುವುದು 3.5 ಮಿಲಿಲೀಟರ್, ಅಂತರರಾಷ್ಟ್ರೀಯ ಮಟ್ಟದ ಮಹಿಳಾ ಸವಾರರಲ್ಲಿ ಗರಿಷ್ಠ ಮಟ್ಟ 60 ದಾಟುತ್ತದೆ. ಈ ಗರಿಷ್ಠ ಮಿತಿಯ ಕಲ್ಪನೆಯನ್ನು 1920ರ ದಶಕದಲ್ಲಿ ಬೆಳೆಸಿದವರು ಇಂಗ್ಲೆಂಡಿನ ಎ.ವಿ. ಹಿಲ್, ಸ್ನಾಯುವಿನ ಉಷ್ಣದ ಸಂಶೋಧನೆಗಾಗಿ ಅವರಿಗೆ 1922ರ ನೊಬೆಲ್ ಬಹುಮಾನವೂ ದೊರೆತಿತ್ತು.

ಕೆಲಸದ ವಿಷಯದಲ್ಲಿ ಸುಳ್ಳು ಹೇಳಲಾರೆ. ಬರೀ ಬಿ.ಎಸ್‌ಸಿ. ಮುಗಿಸಿ ಹೊರಬಿದ್ದರೆ ಮೊದಲು ಸಿಗುವುದು ನಗರದ ಜಿಮ್ ಅಥವಾ ಖಾಸಗಿ ಅಕಾಡೆಮಿಯ ಸಹಾಯಕ ಹುದ್ದೆ, ಅದರ ಸಂಬಳ ಕೇಳಿದರೆ ತಮಗೆ ಗಿರಣಿಯೇ ವಾಸಿ ಎನ್ನಿಸಬಹುದು. ಎಂ.ಎಸ್‌ಸಿ. ಮಾಡಿ, ಜೊತೆಗೆ ಅಮೆರಿಕದ ಎನ್‌ಎಸ್‌ಸಿಎ ಸಂಸ್ಥೆಯ ಸಿಎಸ್‌ಸಿಎಸ್‌ನಂಥ ಬಲವರ್ಧನೆ ತರಬೇತುದಾರರ ಪ್ರಮಾಣಪತ್ರ ಪಡೆದವರ ದಾರಿ ಬೇರೆ. ಅದಕ್ಕೆ ಪದವಿ ಇಲ್ಲದೆ ಪ್ರವೇಶವಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರವು ಹೈ ಪರ್ಫಾರ್ಮೆನ್ಸ್ ಅನಲಿಸ್ಟ್ ಎಂಬ ಹೆಸರಿನಲ್ಲಿ ಶರೀರಕ್ರಿಯೆ, ಬಯೋಮೆಕಾನಿಕ್ಸ್, ಸ್ಟ್ರೆಂತ್ ಆ್ಯಂಡ್ ಕಂಡೀಷನಿಂಗ್ (ಬಲ ಮತ್ತು ದಮ್ಮಿನ ತರಬೇತಿ) ಮೊದಲಾದ ವಿಭಾಗಗಳಿಗೆ ಗುತ್ತಿಗೆಯ ಮೇಲೆ ಜನರನ್ನು ತೆಗೆದುಕೊಂಡಿದೆ. ಬೆಂಗಳೂರಿನಲ್ಲಿ ಅದರ ದಕ್ಷಿಣ ಕೇಂದ್ರವಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಕೇಂದ್ರ ಇದೆ. ಇವು ಕೆಲಸ ಇರುವ ಊರುಗಳು. ವಿಜಯಪುರದಲ್ಲೇ ಮನೆಯ ಊಟ ಮಾಡಿಕೊಂಡು ಈ ಕೆಲಸ ಮಾಡುತ್ತೇನೆ ಎಂದರೆ ಸದ್ಯಕ್ಕೆ ಕಷ್ಟವಿದೆ. ಸೈಕಲ್ಲಿಗೆ ಹೆಸರಾದ ಜಿಲ್ಲೆಯಲ್ಲಿ ಹೀಗಾಗಿರುವುದು ವಿಚಿತ್ರ, ಆದರೂ ನಿಜ.

ಉತ್ತರ: ಸೀಟಿ ಮಾಸ್ತರ, ಮುದ್ದೇಬಿಹಾಳ ಕಡೆ

ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ತಮ್ಮ ತಮ್ಮನವರ ಮಾತನ್ನು ತಿದ್ದುವುದು ನನ್ನ ಕರ್ತವ್ಯ. ವ್ಯಾಯಾಮ ವಿಜ್ಞಾನದ ಬಿ.ಎಸ್‌ಸಿ. ಒಂದನ್ನೇ ಹಿಡಿದುಕೊಂಡು ಬಂದರೆ ಶಾಲೆಯ ದೈಹಿಕ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಅದು ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆಯುಳ್ಳ ತರಬೇತಿಯನ್ನು ಕೇಳುವ ಹುದ್ದೆ, ಪ್ರೌಢಶಾಲೆಗೆ ಬಿ.ಪಿ.ಎಡ್. ಬೇಕು. ಆದರೆ ಬಿ.ಪಿ.ಎಡ್. ಎರಡು ವರ್ಷದ ಕೋರ್ಸು, ಯಾವುದೇ ಪದವಿಯಲ್ಲಿ ಶೇ. 50 ಅಂಕ ಮತ್ತು ಸ್ಪರ್ಧೆಯಲ್ಲಿ ಭಾಗವಹಿಸಿದ ಪ್ರಮಾಣಪತ್ರ ಇದ್ದವರು ಅದಕ್ಕೆ ಸೇರಬಹುದು. ಆದ್ದರಿಂದ ಮಗಳ ಸೈಕಲ್ ಪ್ರಮಾಣಪತ್ರಗಳನ್ನು ಗಿರಣಿಯ ಹಿಟ್ಟಿನ ಧೂಳು ತಾಗದ ಕಡೆ ಇಡಿ, ಮುಂದೆ ಉಪಯೋಗಕ್ಕೆ ಬರುತ್ತವೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಎಂ.ಪಿ.ಎಡ್. ಮಾಡಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು, ಅದು ಇನ್ನೊಂದು ಮೆಟ್ಟಿಲು.

ಒಂದು ತಕರಾರು ಮಾತ್ರ ಇದೆ. ತಮ್ಮ ತಂದೆಯವರ ನಗುವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ನಮ್ಮ ಗರಡಿಯ ಗುರು ವಸ್ತಾದರು ಯಾವ ಮುಖವಾಡವನ್ನೂ ಹಾಕಿಸದೆ, ಹುಡುಗ ಕಣಕ್ಕೆ ಇಳಿಯುವ ನಡಿಗೆಯನ್ನು ನೋಡಿಯೇ ಇವತ್ತು ಇವನಿಗೆ ಅರ್ಧ ಸಾಮು ಸಾಕು ಎನ್ನುತ್ತಿದ್ದರು. ಆ ಕಣ್ಣು ಯಾವ ಪದವಿಯಲ್ಲಿ ಸಿಗುತ್ತದೆ?

ಉತ್ತರ: ಘಟಪ್ರಭೆಯ ದಂಡೆಯವನು

ಮಾಸ್ತರರೇ, ಆ ಕಣ್ಣಿಗೆ ನನ್ನದೂ ಶರಣು. ಅತಿಯಾದ ತಾಲೀಮನ್ನು ನಾವು ಬೆಳಗಿನ ನಾಡಿ, ನಿದ್ದೆ, ಹಸಿವು ಇವುಗಳ ದಾಖಲೆಯಿಂದ ಹಿಡಿಯಲು ಒದ್ದಾಡುತ್ತೇವೆ, ವಸ್ತಾದರು ಅದನ್ನು ನಡಿಗೆಯಲ್ಲೇ ಹಿಡಿಯುತ್ತಿದ್ದರು. ಆದರೆ ಅದೇ ಗರಡಿಯಿಂದ ಮ್ಯಾಟ್ ಕುಸ್ತಿಗೆ ಹೋದ ಹುಡುಗರು ತೂಕ ಇಳಿಸುವ ರೀತಿಯನ್ನು ತಾವೂ ನೋಡಿರುತ್ತೀರಿ. ಜಾತ್ರೆಯ ಕುಸ್ತಿಯಲ್ಲಿ ಕಣ್ಣಳತೆಯಿಂದ ಜೋಡಿ ಕಟ್ಟುತ್ತಿದ್ದುದರಿಂದ ಈ ಪೀಡೆ ಇರಲಿಲ್ಲ. ಮ್ಯಾಟಿಗೆ ಬಂದ ಮೇಲೆ ತೂಕದ ತಕ್ಕಡಿ ಬಂತು. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓಡುವುದು, ನೀರು ಬಿಡುವುದು, ಡಬ್ಬಿಯಲ್ಲಿ ಉಗುಳುತ್ತ ಕೂರುವುದು ಅದರ ಹಿಂದೆಯೇ ಬಂದವು. ದೇಹದ ತೂಕದ ಶೇ. 2ಕ್ಕಿಂತ ಹೆಚ್ಚು ನೀರು ಕಳೆದುಕೊಂಡರೆ ದಮ್ಮು ಕುಗ್ಗಲು ಆರಂಭವಾಗುತ್ತದೆ, ರಕ್ತದ ಪ್ರಮಾಣ ತಗ್ಗಿ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ, ಬೆವರು ಕಡಿಮೆಯಾಗಿ ಮೈಯ ಕಾವು ಏರುತ್ತದೆ. ಅಮೆರಿಕದಲ್ಲಿ 1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳಲ್ಲಿ ಹೀಗೆಯೇ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತ ಮೇಲೆ ಅಲ್ಲಿನ ನಿಯಮಗಳೇ ಬದಲಾದವು. ನಮ್ಮ ಕುಸ್ತಿಪಟು ವಿನೇಶ್ ಫೋಗಟ್ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ದಿನ 50 ಕಿಲೋ ವಿಭಾಗದಲ್ಲಿ 100 ಗ್ರಾಂ ಹೆಚ್ಚಾಗಿ ಹೊರಬಿದ್ದದ್ದು ಎಲ್ಲರಿಗೂ ನೆನಪಿದೆ. ಒಂದೇ ರಾತ್ರಿಯಲ್ಲಿ ತೂಕ ಹೇಗೆ ಮರಳುತ್ತದೆ, ಹೇಗೆ ಇಳಿಯುವುದಿಲ್ಲ ಎಂಬುದೂ ಈ ಶಾಸ್ತ್ರದ ಪಾಠವೇ. ಇಂಥ ಕಡೆ ಕಣ್ಣು ಸಾಲದು, ತಕ್ಕಡಿಯೂ, ದೇಹದಲ್ಲಿ ನೀರು ಎಷ್ಟು ಕುಗ್ಗಿದೆ ಎಂದು ತೋರಿಸುವ ಮೂತ್ರದ ಸಾಂದ್ರತೆಯ ಪರೀಕ್ಷೆಯೂ ಬೇಕು.

ಉತ್ತರ: ಫಿಸಿಯೋ ಅಕ್ಕ, ಬೆಳಗಾವಿ

ನಾನು ಫಿಸಿಯೋಥೆರಪಿ ಓದಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ತಮ್ಮ ಹೆಂಡತಿಯ ಕಡೆಯವರು ಹೇಳಿದ ಹಾಗೆ ಇದು ನಮ್ಮ ವಿದ್ಯೆಯ ಅಗ್ಗದ ರೂಪವಲ್ಲ. ಹಾಗೆಂದು ನಮ್ಮ ಬದಲಿಯೂ ಅಲ್ಲ. ಗಾಯವಾದವರನ್ನು, ಶಸ್ತ್ರಚಿಕಿತ್ಸೆಯಾದವರನ್ನು, ಪಾರ್ಶ್ವವಾಯು ಹೊಡೆದವರನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವುದು ನಮ್ಮ ಕೆಲಸ. ಅದಕ್ಕೆ 2021ರ ರಾಷ್ಟ್ರೀಯ ಕಾಯ್ದೆಯ ಅಡಿಯಲ್ಲಿ ಕಾನೂನಿನ ಚೌಕಟ್ಟೂ ಇದೆ. ವ್ಯಾಯಾಮ ವಿಜ್ಞಾನ ಓದಿದವರು ರೋಗನಿರ್ಣಯ ಮಾಡುವಂತಿಲ್ಲ. ಮಗಳು ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ರೋಗಿಗಳನ್ನು ನೋಡುವ ಕನಸು ಕಾಣುತ್ತಿದ್ದರೆ ಬಿಪಿಟಿಯೇ ಸರಿ. ನನ್ನ ಕಾಲಕ್ಕೆ ತರಬೇತಿ ಸೇರಿ ನಾಲ್ಕೂವರೆ ವರ್ಷವಿತ್ತು, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಫಿಸಿಯೋಥೆರಪಿ ಕಾಲೇಜು ಇದೆ, ದೂರ ಹೋಗುವ ಅಗತ್ಯವೂ ಇಲ್ಲ.

ಎರಡು ವಿದ್ಯೆಗಳು ಸೇರುವ ಜಾಗವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದ ಕುಸ್ತಿ ಹುಡುಗರು ನನ್ನ ಬಳಿ ಬರುತ್ತಾರೆ. ಬಾವು ಇಳಿಸಿ, ಕಾಲು ಪೂರ್ತಿ ಚಾಚುವಂತೆ ಮಾಡಿ, ನಡೆಯಲು ಕಲಿಸುವ ಮೊದಲ ತಿಂಗಳುಗಳು ನನ್ನವು. ನಾಲ್ಕೈದು ತಿಂಗಳಾದ ಮೇಲೆ ಹುಡುಗನಿಗೆ ನೋವಿರುವುದಿಲ್ಲ, ಆದ್ದರಿಂದ ವಾಸಿಯಾಯಿತೆಂದು ತಿಳಿದು ಕಣಕ್ಕೆ ಇಳಿದುಬಿಡುತ್ತಾನೆ. ನಿಜವಾಗಿ ಮತ್ತೆ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು, ಆಪರೇಷನ್ ಆದ ಕಾಲಿನ ಬಲ ಒಳ್ಳೆಯ ಕಾಲಿನ ಶೇ. 90ರಷ್ಟಾದರೂ ಇರಬೇಕು. ಒಂಟಿ ಕಾಲಿನಲ್ಲಿ ಜಿಗಿಸಿ ಟೇಪು ಹಿಡಿದು ಅಳೆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಐದನೆಯ ತಿಂಗಳಿನಿಂದ ಒಂಬತ್ತನೆಯ ತಿಂಗಳವರೆಗೆ ಈ ಹುಡುಗರನ್ನು ಕೈಹಿಡಿದು ತೂಕ ಎತ್ತಿಸುವವರು, ಓಡಿಸಿ ಅಳೆಯುವವರು ನಮ್ಮ ಮೂರು ಜಿಲ್ಲೆಗಳಲ್ಲಿ ಬೆರಳೆಣಿಕೆಯಷ್ಟೂ ನನಗೆ ಸಿಗುವುದಿಲ್ಲ. ನಾನು ಕಳಿಸಿಕೊಡುವುದು ಯಾರ ಬಳಿಗೆ? ಆ ಕೆಲಸಕ್ಕೆ ಬೇಕಾದದ್ದು ತಮ್ಮ ಮಗಳು ಓದಬೇಕೆನ್ನುವ ವಿದ್ಯೆ.

ಇದು ಆಟಗಾರರಿಗಷ್ಟೇ ಸಂಬಂಧಪಟ್ಟದ್ದಲ್ಲ ಎಂಬುದನ್ನೂ ಸೇರಿಸುತ್ತೇನೆ. ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಿಗಿಂತ ಕುಳಿತೇ ಇರುತ್ತಿದ್ದ ಡ್ರೈವರುಗಳಲ್ಲಿ ಹೃದಯದ ಕಾಯಿಲೆ ಹೆಚ್ಚೆಂದು ಕಂಡಿತ್ತು. ಇಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆನ್ನುವುದರ ಬೇರು ಅಂಥ ಅಧ್ಯಯನಗಳಲ್ಲಿದೆ. ಆಸ್ಟ್ರೇಲಿಯಾದಲ್ಲಿ ಸಕ್ಕರೆ ಕಾಯಿಲೆಯವರನ್ನು, ಹೃದಯದ ತೊಂದರೆಯವರನ್ನು ವೈದ್ಯರು ಮಾನ್ಯತೆ ಪಡೆದ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್ ಬಳಿಗೆ ಕಳಿಸುತ್ತಾರೆ, ಅದಕ್ಕೆ ಸರ್ಕಾರದ ಆರೋಗ್ಯ ಯೋಜನೆಯಿಂದ ಹಣವೂ ಸಿಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಆ ಹೆಸರಿನ ಕುರ್ಚಿ ಬಹಳ ಅಪರೂಪ. ಇದನ್ನು ತಿಳಿದುಕೊಂಡೇ ಸೇರಿಸಬೇಕು.

ಪ್ರಶ್ನೆ ಕೇಳಿದವರು: ಗಿರಣಿ ಮಾಲೀಕ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಗಿರಣಿ ಮುಚ್ಚಿದ ಮೇಲೆ ತಂದೆಯವರನ್ನೂ ಕೂರಿಸಿಕೊಂಡು ಇಷ್ಟನ್ನೂ ಓದಿ ಹೇಳಿದೆ. ವಸ್ತಾದರ ಮಾತು ಬಂದಾಗ ಅವರಿಗೆ ಖುಷಿಯಾಯಿತು, ತೂಕ ಇಳಿಸುವ ಮಾತು ಬಂದಾಗ ಸುಮ್ಮನಾದರು; ಅವರ ಜೊತೆಗಾರನ ಮೊಮ್ಮಗ ಮ್ಯಾಟ್ ಕುಸ್ತಿಗೆ ಹೋಗುತ್ತಾನಂತೆ.

ಮಗಳನ್ನು ನೇರವಾಗಿ ಕೇಳಿದೆ. ರೋಗಿಗಳನ್ನು ನೋಡುವ ಆಸೆ ಅವಳಿಗಿಲ್ಲ, ತನ್ನಂತೆ ಅರ್ಧಕ್ಕೆ ನಿಂತ ಸವಾರರೊಡನೆ ಕೆಲಸ ಮಾಡಬೇಕಂತೆ. ಹಾಗಿದ್ದರೆ ಎಂ.ಎಸ್‌ಸಿ. ಸೇರಿ ಐದಾರು ವರ್ಷದ ಲೆಕ್ಕ ಹಾಕಬೇಕೆಂದು ನನಗೂ ಅರ್ಥವಾಯಿತು. ಕಾಲೇಜುಗಳ ಹೆಸರು, ಹಾಗೂ ಸೇರುವ ಮೊದಲು ಏನು ನೋಡಬೇಕು ಎಂಬುದನ್ನು ಹೇಳಿ. ಕನ್ನಡ ಮಾಧ್ಯಮದ ಪ್ರಶ್ನೆಗೂ ಉತ್ತರ ಉಳಿದಿದೆ.

ಇನ್ನೊಂದು ಮಾತು. ಗೋಡೆಗೆ ಒರಗಿದ್ದ ಸೈಕಲ್ ಇಳಿಸಿ, ಅವಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಅಳೆಯಲು ನೋಡಿದೆವು. ಒಮ್ಮೆ 38 ಬಂತು, ಒಮ್ಮೆ 45 ಬಂತು. ಅಳೆಯುವುದು ಹೇಗೆ?

ಉತ್ತರ: ಘಟಪ್ರಭೆಯ ದಂಡೆಯವನು

ಕಾಕಾ, ಈ ಹೆಸರಿನ ಪದವಿಯೇ ಬೇಕೆಂದರೆ ನಮ್ಮ ರಾಜ್ಯದಲ್ಲಿ ಮಣಿಪಾಲವನ್ನೂ, ಹೊರಗೆ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯನ್ನೂ ವಿಚಾರಿಸಿ. ಎರಡೂ ಖಾಸಗಿ, ಶುಲ್ಕ ಲಕ್ಷಗಳಲ್ಲಿ ಇರುತ್ತದೆ. ಸರ್ಕಾರದ ಕಡೆ ಗ್ವಾಲಿಯರ್‌ನಲ್ಲಿ 1957ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆ, ಮಣಿಪುರದಲ್ಲಿ 2018ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯ ಇವೆ. ಅಲ್ಲಿ ಪದವಿಯ ಹೆಸರು ದೈಹಿಕ ಶಿಕ್ಷಣ ಅಥವಾ ಕೋಚಿಂಗ್ ಎಂದಿರುತ್ತದೆ, ಆಮೇಲೆ ವಿಜ್ಞಾನದ ಸ್ನಾತಕೋತ್ತರಕ್ಕೆ ತಿರುಗಬಹುದು.

ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ, ಪ್ರಯೋಗಶಾಲೆ ತೋರಿಸಿ ಎನ್ನಿ. ಉಸಿರಿನ ಅನಿಲ ಅಳೆಯುವ ಯಂತ್ರ ಇದೆಯೇ ಎಂದು ಕೇಳುವುದು ಸಾಲದು, ಕಳೆದ ತಿಂಗಳು ಅದರ ಮೇಲೆ ಎಷ್ಟು ವಿದ್ಯಾರ್ಥಿಗಳು ಕೈಯಿಟ್ಟರು ಎಂದು ಕೇಳಿ. ನಾನು ನೋಡಿದ ಒಂದು ಕಾಲೇಜಿನಲ್ಲಿ ಆ ಯಂತ್ರದ ಮೇಲೆ ಹಳದಿ ಬಟ್ಟೆ ಹೊದಿಸಿ, ಊದುಬತ್ತಿ ಹಚ್ಚಿದ ಗುರುತಿತ್ತು; ಆಯುಧ ಪೂಜೆಯ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ. ಕೊನೆಯ ವರ್ಷದ ತರಬೇತಿಗೆ ಯಾವ ತಂಡಕ್ಕೆ, ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ. ಕಳೆದ ವರ್ಷ ಮುಗಿಸಿದ ಇಬ್ಬರ ಜೊತೆ ಫೋನಿನಲ್ಲಿ ಮಾತಾಡಿಸಿ ಎನ್ನಿ. ಹಿಂಜರಿದರೆ ಬಸ್ಸು ಹತ್ತಿ ವಾಪಸ್ ಬನ್ನಿ.

ಕನ್ನಡ ಮಾಧ್ಯಮದಿಂದ ಬಂದವನು ನಾನೂ. ಮೊದಲ ಮೂರು ತಿಂಗಳು ಒಂದು ಪುಟ ಓದಲು ಒಂದು ಗಂಟೆ ಬೇಕಾಗುತ್ತಿತ್ತು. ಟೆಂಡನ್ ಸ್ನಾಯುವನ್ನು ಎಲುಬಿಗೆ ಕಟ್ಟುವುದು, ಲಿಗಮೆಂಟ್ ಎಲುಬನ್ನು ಎಲುಬಿಗೆ ಕಟ್ಟುವುದು ಎಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಲ್ಯಾಟಿನ್ ಹೆಸರುಗಳು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸವು, ಆ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ.

ಉತ್ತರ: ಫಿಸಿಯೋ ಅಕ್ಕ, ಬೆಳಗಾವಿ

ಎರಡು ಸಲ ಎರಡು ಸಂಖ್ಯೆ ಬಂದದ್ದು ಗುರುತು ಹಾಕದೆ ಅಳೆದದ್ದರಿಂದ. ಸೈಕಲ್ಲನ್ನು ಗೋಡೆಗೆ ಆನಿಸಿ, ಹುಡುಗಿ ತುಳಿಯುವ ಬೂಟು ಹಾಕಿಕೊಂಡೇ ಹತ್ತಲಿ. ಪೆಡಲ್ ತೀರ ಕೆಳಗಿರಲಿ, ಸೊಂಟ ಆಚೀಚೆ ವಾಲದಿರಲಿ. ಪಾದದ ಹೊರಗಂಟು, ಮೊಣಕಾಲಿನ ಹೊರಬದಿಯ ನಡುಭಾಗ, ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ತೊಡೆಯ ಎಲುಬಿನ ಉಬ್ಬು, ಈ ಮೂರು ಕಡೆ ಬಿಂದಿ ಅಂಟಿಸಿ. ಬದಿಯಿಂದ, ಮೊಣಕಾಲಿನ ಎತ್ತರಕ್ಕೆ ಮೊಬೈಲ್ ಹಿಡಿದು ಫೋಟೋ ತೆಗೆದು, ಅದರ ಮೇಲೆ ಗೆರೆ ಎಳೆದು ಅಳೆಯಿರಿ. ಕಾಲು ನೆಟ್ಟಗಿದ್ದರೆ ಸೊನ್ನೆ ಎಂದು ಹಿಡಿಯಬೇಕು, ಅಂದರೆ ಮೂರು ಬಿಂದುಗಳ ನಡುವಿನ ಕೋನವನ್ನು 180ರಿಂದ ಕಳೆಯಬೇಕು. ನೋವಿಲ್ಲದ ಎಡಗಾಲನ್ನೂ ಅಳೆಯಿರಿ. 35ಕ್ಕಿಂತ ಹೆಚ್ಚು ಬಂದರೆ ಸೀಟನ್ನು ಒಂದೇ ಸಲ ಏರಿಸದೆ 5 ಮಿಲಿಮೀಟರಿನಂತೆ ಏರಿಸಿ, ಪ್ರತಿ ಸಲವೂ ಎರಡು ಮೂರು ದಿನ ಹಗುರವಾಗಿ ತುಳಿಯಲಿ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ನೋವು ಹತ್ತರಲ್ಲಿ ಎಷ್ಟಿತ್ತೆಂದು ಬರೆದಿಡಲಿ. ಮೂರು ವಾರವಾದರೂ ಇಳಿಯದಿದ್ದರೆ ಆ ಪುಸ್ತಕವನ್ನು ತೆಗೆದುಕೊಂಡು ಹತ್ತಿರದ ಫಿಸಿಯೋ ಬಳಿ ಹೋಗಿ. ತೊಡೆಯ ಮತ್ತು ಸೊಂಟದ ಸ್ನಾಯುಗಳ ಬಲವನ್ನು ಕೈಯಿಂದಲೇ ಪರೀಕ್ಷಿಸಬೇಕಾಗುತ್ತದೆ, ಅದು ಫೋಟೋದಲ್ಲಿ ಆಗುವ ಕೆಲಸವಲ್ಲ.